ಒಬ್ಬನ ಮ್ಯಾಲೆ ನಾಲ್ಕ ಮಂದಿ ಬಿದ್ದಾಗ ಏನ್ ಮಾಡ್ಬೇಕು? ವಿಮಾನ ಗೇಮ್ ಆಡಾವ್ರು ಪದೇ ಪದೇ ಕೇಳೂ ಪ್ರಶ್ನೆಗಳು

ಬಾಗಲಕೋಟಿ ನವನಗರದಾಗ ಕುಂತು ಇದನ್ನ ಬರಿಯಾಕತ್ತೀನ್ರಿ. ನಾವ ಮೂರ ಮಂದಿ ದೋಸ್ತರು, ಒಬ್ಬಾಂವ ಬೆಳಗಾವಿ ಟಿಳಕವಾಡಿಯಾಂವ, ಇನ್ನೊಬ್ಬಾಂವ ವಿಜಯಪುರದಾಂವ, ರಾತ್ರಿ ಊಟ ಆದ ಮ್ಯಾಲೆ ವಾರ್ ಥಂಡರ್ ಅನ್ನೂ ವಿಮಾನ ಕಾಳಗದ ಗೇಮ್ ಹಚ್ಚಿ ಕುಂದ್ರತೀವಿ. ಹೊಸದಾಗಿ ಆಡಾಕ ಬಂದ ಹುಡುಗೂರು ನಮಗ ಕೇಳೂದು ಹೆಚ್ಚು ಕಡಿಮಿ ಒಂದ ಮಾತು, "ಅಣ್ಣಾ, ಮೂರ ಮಂದಿ ಬೆನ್ನ ಹತ್ತಿದ್ರು, ನಾ ಏನ್ ಮಾಡ್ಬೇಕಿತ್ತು?" ಪ್ರತಿ ಸಲ ವಾಯ್ಸ್ ಚಾಟಿನ್ಯಾಗ ಹೇಳಿ ಹೇಳಿ ಅರ್ಧಾ ಉಳೀತೈತಿ, ಅದಕ್ಕ ಪೂರ್ತಿ ಒಂದ ಕಡೆ ಬರದ ಇಡ್ತೀನಿ. ಇದು ಎರಡನೇ ಮಹಾಯುದ್ಧದ ಫ್ಯಾನಿನ ವಿಮಾನಗಳ ಮಾತು, ಅದೂ ವಿಮಾನ ಹೆಚ್ಚು ಕಡಿಮಿ ಖರೇದರ ಹಂಗ ಹಾರೂ ರಿಯಲಿಸ್ಟಿಕ್ ಮೋಡಿಂದು. ಜೆಟ್, ಮಿಸೈಲ್ ಲೆಕ್ಕಾನ ಬ್ಯಾರೆ, ಅದನ್ನ ಇಲ್ಲೆ ತಂದಿಲ್ಲ.

ನನ್ನ ಮ್ಯಾಲೆ ಮೂರ್ನಾಲ್ಕ ಮಂದಿ ಒಮ್ಮೆಲೆ ಬಂದ್ರು. ಮೊದಲ ಏನ್ ಮಾಡ್ಲಿ?

ಮೊದಲ ಎಣಿಸ್ರಿ. ಆಕಾಶದಾಗ ಒಟ್ಟ ಎಷ್ಟ ಮಂದಿ ಅದಾರ ಅಂತ ಎಣಿಸಬ್ಯಾಡ್ರಿ, ಮುಂದಿನ ಹತ್ತ ಸೆಕೆಂಡಿನ್ಯಾಗ ನನ್ನ ಮ್ಯಾಲೆ ಗುಂಡು ಹಾರಿಸಾಕ ಯಾರಿಗೆ ಆಗ್ತೈತಿ, ಅವರನ್ನಷ್ಟ ಎಣಿಸ್ರಿ. ಮೂರ ಕಿಲೋಮೀಟರ್ ಹಿಂದ ನಿಮ್ಮಷ್ಟ ಸ್ಪೀಡಿನ್ಯಾಗ ಬರಾಕತ್ತಾಂವ ಈಗ ನಿಮಗ ಏನೂ ಮಾಡಾಕ ಆಗೂದಿಲ್ಲ, ಅಂವ ಬಂದ ಮುಟ್ಟೂದ ಇಲ್ಲ. ಆದ್ರ ನಿಮ್ಮ ನೆತ್ತಿ ಮ್ಯಾಲೆ ಎರಡ ಕಿಲೋಮೀಟರ್ ಎತ್ತರದಾಗ ಇರಾಂವ ಮೂತಿ ಕೆಳಗ ಮಾಡಿದ ಅಂದ್ರ ಹತ್ತ ಹನ್ನೆರಡ ಸೆಕೆಂಡಿನ್ಯಾಗ ನಿಮ್ಮ ರೆಕ್ಕಿ ಮ್ಯಾಲೆ ಇರ್ತಾನ. ಅಂದ್ರ ಮ್ಯಾಲಿನಾಂವ ದೂರ ಇದ್ರೂ ಹತ್ರ, ಕೆಳಗಿನಾಂವ ಹತ್ರ ಇದ್ರೂ ದೂರ. ಈ ಒಂದ ಮಾತು ತಲ್ಯಾಗ ಕುಂತ್ರ ಅರ್ಧಾ ಕೆಲಸ ಮುಗೀತು ಅಂತ ನಾ ಖರೇನ ನಂಬೀನಿ, ಯಾಕಂದ್ರ ನಾಲ್ಕ ಮಂದಿ ಅಂತ ಕಂಡದ್ದು ಎಣಿಸಿದಾಗ ಭಾಳ ಸಲ ಒಬ್ಬನ ಆಗಿರ್ತಾನ.

ಎರಡನೇದು, ಕೈ ಗಾಬರಿ ಆಗಿ ಸ್ಟಿಕ್ ಪೂರ್ತಿ ಎಳಿಯಾಕ ಹೋಗ್ತೈತಿ, ಹಿಡ್ಕೋರಿ ಅದನ್ನ. ಸಿ ಬಟನ್ ಒತ್ತಿ ಸುತ್ತ ಒಂದ ಸಲ ನೋಡ್ರಿ, ಮ್ಯಾಲೆ, ಹಿಂದ, ಎಡಕ್ಕ, ಬಲಕ್ಕ. ಎರಡ ಸೆಕೆಂಡ್ ಸಾಕು.

ಓಡಿ ಹೋಗೂದು ಅಂಜುಬುರುಕತನ ಅಲ್ಲೇನ್ರಿ?

ಅಲ್ಲ. ಮೂರ ಮಂದಿ ನಿಮ್ಮ ಹಿಂದ ಹತ್ತ ಕಿಲೋಮೀಟರ್ ಬಂದ್ರ ಆ ಮೂರ ಮಂದಿ ಅಷ್ಟೊತ್ತನ ನಿಮ್ಮ ಟೀಮಿನವರ ಮ್ಯಾಲೆ ಇಲ್ಲ. ಅಲ್ಲೆ ನಿಮ್ಮವರ ಸಂಖ್ಯೆ ಹೆಚ್ಚ ಆಗೈತಿ. ಸಾಯದ ಓಡಾಂವ ಟೀಮಿಗೆ ದೊಡ್ಡ ಕೆಲಸ ಮಾಡಾಕತ್ತಾನ, ಇದನ್ನ ತಿಳಿಯದ ಕೆಲವರು ಚಾಟಿನ್ಯಾಗ ಬೈತಾರ, ಅದಕ್ಕ ಬೇಜಾರ ಮಾಡ್ಕೋಬ್ಯಾಡ್ರಿ.

ಎಲ್ಲಾರೂ "ಎನರ್ಜಿ, ಎನರ್ಜಿ" ಅಂತಾರ, ಏನದು?

ಎತ್ತರ ಮತ್ತ ಸ್ಪೀಡ್, ಎರಡೂ ಕೂಡಿ ಎನರ್ಜಿ. ಎತ್ತರ ಕೊಟ್ಟು ಸ್ಪೀಡ್ ತಗೋಬಹುದು, ಸ್ಪೀಡ್ ಕೊಟ್ಟು ಎತ್ತರ ತಗೋಬಹುದು. ಹತ್ತನೇತ್ತದ ಫಿಸಿಕ್ಸಿನ ಲೆಕ್ಕಾನ ಹಾಕ್ರಿ: ಗಂಟೆಗೆ 360 ಕಿಲೋಮೀಟರ್ ಅಂದ್ರ ಸೆಕೆಂಡಿಗೆ 100 ಮೀಟರ್, ಆ ಸ್ಪೀಡೆಲ್ಲಾ ಎತ್ತರ ಆದ್ರ ಸುಮಾರ 510 ಮೀಟರ್ ಬರ್ತೈತಿ. ಅದ 540 ಸ್ಪೀಡ್ ಇದ್ರ ಸೆಕೆಂಡಿಗೆ 150 ಮೀಟರ್, ಅದರ ಎತ್ತರ ಸುಮಾರ 1,150 ಮೀಟರ್. ನೋಡ್ರಿ, ಸ್ಪೀಡ್ ಒಂದೂವರಿ ಪಟ್ಟು ಆತು, ಕಿಸೆದಾಗಿನ ಎತ್ತರ ಎರಡ ಪಟ್ಟಿಗಿಂತ ಹೆಚ್ಚಾತು. ಗಾಳಿ ತಡೀತೈತಿ, ಎಂಜಿನ್ ಎಳೀತೈತಿ, ಹಂಗಾಗಿ ಗೇಮಿನ್ಯಾಗ ನಂಬರ್ ಬರೋಬರ್ ಇಷ್ಟ ಬರೂದಿಲ್ಲ, ಆದ್ರ ಅಂದಾಜು ಇದ. ಅಮೆರಿಕಾದ ವಾಯುಪಡೆಯ ಜಾನ್ ಬಾಯ್ಡ್ 1960ರ ದಶಕದಾಗ ಇದನ್ನ ಪದ್ಧತ್ಶೀರ್ ಲೆಕ್ಕ ಹಾಕಿ, ಯಾವ ವಿಮಾನ ಯಾವ ಎತ್ತರದಾಗ, ಯಾವ ಸ್ಪೀಡಿನ್ಯಾಗ ಗೆಲ್ತೈತಿ ಅಂತ ಚಾರ್ಟ್ ಮಾಡಿದ್ರು.

ಒಬ್ಬನ ಜೋಡಿ ಒಬ್ಬ ಬಡದಾಡೂವಾಗ ಎನರ್ಜಿ ಖರ್ಚ ಮಾಡಿ ಅಂವನ್ನ ಹೊಡದ್ರ ನಡೀತೈತಿ, ಆಮ್ಯಾಲೆ ಆರಾಮ ಮ್ಯಾಲೆ ಏರಬಹುದು. ನಾಲ್ಕ ಮಂದಿ ಇದ್ದಾಗ ಹಂಗ ನಡಿಯೂದಿಲ್ಲ, ಒಬ್ಬನ್ನ ಹೊಡಿಯಾಕ ಎಲ್ಲಾ ಖರ್ಚ ಮಾಡಿದ್ರಿ ಅಂದ್ರ ಎರಡನೇದಾಂವ ಬಂದಾಗ ಕಿಸೆ ಖಾಲಿ. ಹೊಡೀರಿ, ಆದ್ರ ಹೊಡದ ಮ್ಯಾಲೂ ಅಲ್ಲಿಂದ ಹೊಂಡೂವಷ್ಟ ಸ್ಪೀಡ್ ಉಳಿಸ್ಕೊಂಡ ಹೊಡೀರಿ.

ನನ್ನ ವಿಮಾನ ಚೆನ್ನಾಗಿ ತಿರುಗ್ತೈತಿ. ತಿರುಗಿ ಬಡದಾಡಿದ್ರ ಏನ್ ತಪ್ಪು?

ಒಬ್ಬಾಂವ ಇದ್ರ ತಪ್ಪಿಲ್ಲ. ಜಪಾನಿನ ಝೀರೋ ವಿಮಾನ ಹಿಡ್ಕೊಂಡು ಒಬ್ಬನ ಜೋಡಿ ಸುತ್ತಾಕ ನಿಂತ್ರ ಮೂರ ಸುತ್ತಿನ್ಯಾಗ ಅಂವನ ಬೆನ್ನಿಗಿರ್ತೀರಿ. ಆದ್ರ ಆ ಮೂರ ಸುತ್ತಿನ್ಯಾಗ ನೀವ ಒಂದ ಜಾಗಾದಾಗ ನಿಂತ್ಹಂಗ ಆಗ್ತೈತಿ, 500 ಇದ್ದ ಸ್ಪೀಡ್ 280ಕ್ಕ ಬಂದಿರ್ತೈತಿ, ಮ್ಯಾಲಿನಾಂವ ಅದನ್ನ ಕಾಯಕೋತನ ಇರ್ತಾನ. ಅದಕ್ಕ ತಿರುಗೂ ಶಕ್ತಿಯನ್ನ ಹೊಡಿಯಾಕ ಬಳಸೂದಕ್ಕಿಂತ ತಪ್ಪಿಸ್ಕೊಳ್ಳಾಕ ಬಳಸ್ರಿ.

ತಪ್ಪಿಸ್ಕೊಳ್ಳೂದಕ್ಕ ಟೈಮಿಂಗ್ ಐತಿ, ಇದನ್ನ ಥೋಡೆ ಬಿಡಿಸಿ ಹೇಳ್ತೀನಿ ಯಾಕಂದ್ರ ಹೆಚ್ಚಿನ ಮಂದಿ ಇಲ್ಲೆ ಸಾಯ್ತಾರ. ಮ್ಯಾಲಿಂದ ಡೈವ್ ಹೊಡದ ಬರಾಂವ ಎರಡ ಕಿಲೋಮೀಟರ್ ದೂರ ಇದ್ದಾಗನ ನೀವ ತಿರುಗಿದ್ರ ಅಂವಗ ಮೂತಿ ಸರಿ ಮಾಡ್ಕೊಳ್ಳಾಕ ಭರಪೂರ ಟೈಮ್ ಸಿಗ್ತೈತಿ. 300 ಮೀಟರಿಗೆ ಬಂದ ಮ್ಯಾಲೆ ತಿರುಗಿದ್ರ ಗುಂಡು ಆಗಲೇ ಹಾರಿರ್ತಾವ. ಸುಮಾರ 800 ಮೀಟರ್ ಇದ್ದಾಗ ಅಂವ ಬರೂ ದಾರಿಗೆ ಅಡ್ಡಾಗಿ ಜೋರ ಮುರೀರಿ. ಅಂವನ ಸ್ಪೀಡ್ 600ರ ಮ್ಯಾಲೆ ಇರ್ತೈತಿ, ನಿಮ್ಮಷ್ಟ ತಿರುಗಾಕ ಆಗೂದಿಲ್ಲ, ನಿಮ್ಮ ಹಿಂದಿಂದ ದಾಟಿ ಹೋಗ್ತಾನ. ಇನ್ನ ಮುಖ್ಯ ಮಾತು: ಅಂವ ದಾಟಿದ ಕೂಡಲೇ ಅಂವನ್ನ ಹಿಡಿಯಾಕ ಪೂರ್ತಿ ಸುತ್ತ ಹೊಡೀಬ್ಯಾಡ್ರಿ. ಅರ್ಧಕ್ಕ ಬಿಟ್ಟು, ರೆಕ್ಕಿ ಸಮ ಮಾಡಿ, ಮೂತಿ ಚೂರ ಕೆಳಗ ಹಾಕಿ ನಿಮ್ಮವರು ಇರೂ ದಿಕ್ಕಿಗೆ ಸೀದಾ ಹೊಂಡ್ರಿ. ಅಂವ ಮ್ಯಾಲೆ ಏರಿ ತಿರುಗಿ ಬರೂದ್ರಾಗ ಕಳಕೊಂಡ ಸ್ಪೀಡ್ ನಿಮಗ ವಾಪಸ್ ಸಿಕ್ಕಿರ್ತೈತಿ. ಹಿಂಗ ಐದ ಸಲ, ಆರ ಸಲ ಮಾಡಿ ಮನಿ ಮುಟ್ಟಿದ್ದು ಐತಿ.

ಬೆನ್ನ ಹತ್ತಿದವರನ್ನ ಒಬ್ಬೊಬ್ಬರನ್ನಾಗಿ ಮಾಡೂದು ಹೆಂಗ?

ರಾತ್ರಿ ಹನ್ನೊಂದಕ್ಕ ಬೈಕ್ ಮ್ಯಾಲೆ ನಮ್ಮ ಸೆಕ್ಟರಿನ ಓಣಿಯಾಗ ಬಂದ್ರ ಐದಾರ ನಾಯಿ ಬೆನ್ನ ಹತ್ತತಾವ. ಗಾಡಿ ನಿಂದ್ರಿಸಿದ್ರ ಐದೂ ಕೂಡಿ ಮುತ್ತಿಗಿ ಹಾಕತಾವ. ಗಾಡಿ ಓಡಿಸ್ಕೋತ ಹೊಂಟ್ರ ನೂರ ಮೀಟರಿನ್ಯಾಗ ಏನಾಗ್ತೈತಿ ನೋಡ್ರಿ, ಕೆಂದ ನಾಯಿ ಒಂದ ಟೈರಿನ ಹತ್ರ ಇರ್ತೈತಿ, ಎರಡನೇದು ಕರೆಂಟ್ ಕಂಬದ ಹತ್ರ, ಉಳದಾವು ಮೂಲಿ ಅಂಗಡಿ ಮುಂದ ನಿಂತು ಬರೇ ಬೊಗಳತಿರ್ತಾವ. ವಿಮಾನದವರೂ ಹಂಗ ಸಾಲ ಬಿಚ್ಚತಾರ, ಯಾಕಂದ್ರ ಎಲ್ಲಾರ ವಿಮಾನಾನೂ ಬ್ಯಾರೆ, ಒಬ್ಬಾಂವ ಮೊದಲ ತಿರುಗಿರ್ತಾನ, ಒಬ್ಬಾಂವ ತಡಾ ನೋಡಿರ್ತಾನ, ಒಬ್ಬಾಂವಗ ಎಂಜಿನ್ ಬಿಸಿ ಆಗಿರ್ತೈತಿ.

ಒಂದ ಮ್ಯಾಚ್ ಹೇಳ್ತೀನಿ. ನಂದು ಜರ್ಮನಿಯ ಫೋಕ್‌ವುಲ್ಫ್ 190 ವಿಮಾನ, ಹಿಂದ ನಾಲ್ಕ ಮಂದಿ, ಎರಡ ಸ್ಪಿಟ್‌ಫೈರ್, ಎರಡ ರಷ್ಯಾದ ಯಾಕ್ ವಿಮಾನ. ಐದ ಸಾವಿರ ಮೀಟರಿಂದ ಸಣ್ಣಗ ಇಳಿಜಾರ ಹಿಡದ್ನಿ, ಕಡಿದಾದ ಡೈವ್ ಅಲ್ಲ, ಸ್ಪೀಡ್ 600ರ ಆಸುಪಾಸು ನಿಂದ್ರೂವಷ್ಟ ಇಳಿಜಾರು. ಎರಡ ನಿಮಿಷ ಏನೂ ಮಾಡ್ಲಿಲ್ಲ, ಬರೇ ಹಿಂದ ನೋಡಕೋತ ಹೋದ್ನಿ, ಆ ಎರಡ ನಿಮಿಷದ ತಾಳ್ಮೀನ ಕಷ್ಟ, ಕೈ ತಿರುಗಸು ತಿರುಗಸು ಅಂತಿರ್ತೈತಿ. ಒಬ್ಬ ಸ್ಪಿಟ್‌ಫೈರಿನಾಂವ ಒಂದ ಕಿಲೋಮೀಟರ್ ಹಿಂದ ಉಳದ, ಅಂವನ ಹಿಂದಿನಾಂವ ಅಲ್ಲಿಂದ ನಾಲ್ಕ ಕಿಲೋಮೀಟರ್ ದೂರ, ಯಾಕಿನವರು ವಾಪಸ್ ಹೋಗಿದ್ರು. ನಾಲ್ಕ ಕಿಲೋಮೀಟರ್ ಅಂದ್ರ ಆ ಸ್ಪೀಡಿನ್ಯಾಗ ಇಪ್ಪತ್ತೈದ ಸೆಕೆಂಡ್ ಹತ್ರ. ಮೊದಲನೇದಾಂವನ್ನ ಆರನೂರ ಮೀಟರಿಗೆ ಬರಾಕ ಬಿಟ್ನಿ, ಥ್ರಾಟಲ್ (ಎಂಜಿನ್ ಜೋರು) ಪೂರ್ತಿ ಇಳಿಸಿ ಬ್ಯಾರಲ್ ರೋಲ್, ಅಂದ್ರ ಸುರುಳಿ ಹಂಗ ಉರುಳಕೋತ ಹೋಗೂದು, ಹಾಕಿದ್ನಿ, ಫೋಕ್‌ವುಲ್ಫಿಗೆ ಉರುಳೂದರಾಗ ಸರಿಸಾಟಿ ಭಾಳ ಕಡಿಮಿ, ಅಂವ ನನ್ನ ಕೆಳಗಿಂದ ಹಾದು ಮುಂದ ಬಂದ. ಗಾಜಿನ ಮುಂದ ಅಂವನ ರೆಕ್ಕಿ ಮ್ಯಾಲಿನ ಗೋಲ್ ಗುರ್ತು ಚೊಕ್ಕ ಕಾಣಾಕತ್ತಿತ್ತು, ಒಂದ ಸೆಕೆಂಡಿನ ಬರ್ಸ್ಟ್ ಹೊಡದ್ನಿ, ಬಲಗಡೆ ರೆಕ್ಕಿ ಮುರೀತು. ಮತ್ತ ಮೂತಿ ಕೆಳಗ, ಫುಲ್ ಥ್ರಾಟಲ್, ಎರಡನೇದಾಂವ ಬರೂದ್ರಾಗ ಅಲ್ಲಿಂದ ಹೊಂಟ್ನಿ. ಆ ಬರ್ಸ್ಟ್ ತಪ್ಪಿದ್ರೂ ಹೊಂಡತಿದ್ನಿ, ಎರಡನೇ ಸಲ ಮೂತಿ ಹಚ್ಚಾಕ ನಿಂದ್ರೂದ ಇಲ್ಲ. ಇದು ಎಲ್ಲಕ್ಕಿಂತ ಕಟ್ಟುನಿಟ್ಟಾಗಿ ಪಾಲಿಸಬೇಕಾದದ್ದು.

ಇಪ್ಪತ್ತ ಸೆಕೆಂಡ್ ಬಿಡುವು ಸಿಗ್ದ ತಿರುಗಬ್ಯಾಡ್ರಿ. ಹಿಂದಿನಾಂವನ ಕಡೆಗೆನ ಮುಖ ಮಾಡಿ ತಿರುಗಿದ್ರ ನೀವೂ ಅಂವನ ಕಡೆ ಹೊಂಟಿರ್ತೀರಿ, ಆ ಬಿಡುವು ಅರ್ಧಾ ಆಗ್ತೈತಿ, ಅದನ್ನೂ ಲೆಕ್ಕಕ್ಕ ತಗೋರಿ.

ಎದುರಾಎದುರ ಬಂದಾಗ ಹೊಡಿಯೂದೋ ಬಿಡೂದೋ?

ಬಿಡ್ರಿ. ಇಬ್ಬರೂ 540ರಾಗ ಬಂದ್ರ ನಡುವಿನ ಜಾಗಾ ಸೆಕೆಂಡಿಗೆ 300 ಮೀಟರ್ ಕಡಿಮಿ ಆಗ್ತೈತಿ, ಒಂದೂವರಿ ಕಿಲೋಮೀಟರ್ ಐದ ಸೆಕೆಂಡಿನ್ಯಾಗ ಮುಗೀತು. ಅಷ್ಟರಾಗ ಯಾರ ಗುಂಡು ಯಾರಿಗೆ ತಾಗ್ತಾವ ಅನ್ನೂದು ನಸೀಬ. ಇಬ್ಬರು ನಾಲ್ಕ ಮಂದಿ ಜೋಡಿ ಬಡದಾಡೂವಾಗ ಒಬ್ಬಾಂವ ಸತ್ತು ಒಬ್ಬನ್ನ ಹೊಡದ್ರ ಲೆಕ್ಕ ಸಮ ಅನಸ್ತೈತಿ, ಆದ್ರ ಒಂದಕ್ಕ ಎರಡ ಇದ್ದದ್ದು ಈಗ ಒಂದಕ್ಕ ಮೂರ ಆತು. ಕಡಿಮಿ ಮಂದಿ ಇರಾವರಿಗೆ ಈ ವ್ಯಾಪಾರ ಎಂದೂ ಲಾಭ ಅಲ್ಲ. ಸಾವಿರ ಮೀಟರಿನ ಮೊದಲ ಅಂವನ ಮೂತಿ ಕೆಳಗ ಜಾರಿ ಹೋಗ್ರಿ.

ಮೊದಲ ಯಾರನ್ನ ಹೊಡೀಬೇಕು?

ಹತ್ರ ಇರಾಂವನ್ನ ಹೊಡೀಬೇಕು ಅನಸ್ತೈತಿ, ಕೆಳಗ ಒಬ್ಬಾಂವ ನಿಧಾನಕ್ಕ ಹೊಂಟಿರ್ತಾನ, ಬಾಯಾಗ ನೀರ ಬರ್ತಾವ. ಅಂವ ಬೇಕಂತ ಅಲ್ಲೆ ಇರಬಹುದು. ಮೊದಲ ಮ್ಯಾಲೆ ಯಾರೂ ಇಲ್ಲ ಅನ್ನೂದನ್ನ ಖಾತ್ರಿ ಮಾಡ್ಕೋರಿ, ಮ್ಯಾಲೆ ಇರಾಂವ ಕೆಳಗ ಇಳಿಯೂತನ ಯಾರನ್ನೂ ಮುಟ್ಟಬ್ಯಾಡ್ರಿ. ಆಮ್ಯಾಲೆ ನಿಮ್ಮನ್ನ ನೋಡದಾಂವನ್ನ ಹುಡುಕ್ರಿ, ಅಂಥಾಂವ ಪ್ರತಿ ಗುಂಪಿನ್ಯಾಗ ಒಬ್ಬಾಂವ ಇದ್ದ ಇರ್ತಾನ, ಬಾಂಬರ್ ಬೆನ್ನ ಹತ್ತಿರ್ತಾನ ಇಲ್ಲಾ ನಿಮ್ಮ ದೋಸ್ತನ ಹಿಂದ ಕಣ್ಣ ಇಟ್ಟಿರ್ತಾನ.

ಮಂದಿ ಹೆಚ್ಚ ಇದ್ದದ್ದು ಅವರಿಗೂ ತ್ರಾಸ ಅನ್ನೂದನ್ನ ಮರೀಬ್ಯಾಡ್ರಿ. ನಿಮಗ ಕಾಣಾವರೆಲ್ಲಾ ವೈರಿಗಳು, ವಿಚಾರ ಮಾಡೂದ ಬ್ಯಾಡ. ಅವರು ಒಬ್ಬರಿಗೊಬ್ಬರು ಅಡ್ಡ ಬರ್ತಾರ, ಢಿಕ್ಕಿ ಹೊಡ್ಕೋತಾರ. ಮೊದಲನೇ ಮಹಾಯುದ್ಧದ ಜರ್ಮನಿಯ ಓಸ್ವಾಲ್ಡ್ ಬೋಲ್ಕೆ, ವಿಮಾನ ಕಾಳಗಕ್ಕ ಮೊದಮೊದಲ ನಿಯಮ ಬರದಾಂವ, ಎಂಟ ನಿಯಮ, ಆ ದೊಡ್ಡ ಪೈಲಟ್ 1916ರ ಅಕ್ಟೋಬರ್ 28ಕ್ಕ ತೀರಿಕೊಂಡದ್ದು ವೈರಿ ಗುಂಡಿನಿಂದ ಅಲ್ಲ, ಇಬ್ಬರು ಕೂಡಿ ಒಬ್ಬನ್ನ ಬೆನ್ನ ಹತ್ತಿದಾಗ ತನ್ನ ಕಡಿಯವನ ವಿಮಾನಾನ ತಾಗಿ. ಅದಕ್ಕ ಇಬ್ಬರು ಒಮ್ಮೆಲೆ ಬೆನ್ನಿಗೆ ಬಂದ್ರ ಅವರ ದಾರಿ ಒಂದನ್ನೊಂದು ಕತ್ತರಿಸೂವಂಗ ತಿರುಗ್ರಿ, ಒಬ್ಬಾಂವ ಪಕ್ಕಕ್ಕ ಸರೀಲೇಬೇಕು.

ನಾವ ಇಬ್ಬರು ಇದ್ರ ಏನರ ವಿಶೇಷ ಐತೇನು?

ಐತಿ, ಭಾಳ ಐತಿ. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಾಗ ಒಂದ ಲೆಕ್ಕ ಕೊಟ್ರು, ಬಂದೂಕಿನ ಯುದ್ಧದಾಗ ಪಡೆಯ ಬಲ ಸಂಖ್ಯೆಯ ವರ್ಗದಷ್ಟ ಇರ್ತೈತಿ ಅಂತ. ಇಬ್ಬರು ನಾಲ್ವರ ಎದುರು ನಿಂತ್ರ ಅದು ನಾಲ್ಕಕ್ಕ ಹದಿನಾರು. ಕೇಳಿದ್ರ ಎದಿ ಒಡೀತೈತಿ, ಆದ್ರ ಆ ಲೆಕ್ಕ ನಡಿಯೂದು ಎಲ್ಲಾರೂ ಎಲ್ಲಾರ ಮ್ಯಾಲೆ ಒಮ್ಮೆಲೆ ಗುಂಡು ಹಾರಿಸಾಕ ಆದ್ರ ಮಾತ್ರ. ನಾ ಮ್ಯಾಲೆ ಬರದದ್ದೆಲ್ಲಾ ಆ "ಒಮ್ಮೆಲೆ" ಅನ್ನೂದನ್ನ ಮುರಿಯೂ ದಾರಿ.

ಇಬ್ಬರಿಗೆ ಇರೂ ಚೊಲೊ ದಾರಿ ಥ್ಯಾಚ್ ವೀವ್. ಅಮೆರಿಕಾ ನೌಕಾಪಡೆಯ ಜಾನ್ ಥ್ಯಾಚ್ 1941ರಾಗ ಝೀರೋ ವಿಮಾನದ ಬಗ್ಗೆ ವರದಿ ಓದಿ, ನಮ್ಮ ವೈಲ್ಡ್‌ಕ್ಯಾಟ್ ವಿಮಾನ ಅದರಷ್ಟ ತಿರುಗೂದಿಲ್ಲ, ಏನ್ ಮಾಡೂದು ಅಂತ ಮನಿ ಟೇಬಲ್ ಮ್ಯಾಲೆ ಕಡ್ಡಿಪೆಟ್ಟಿಗಿ ಕಡ್ಡಿ ಇಟ್ಟು ಸರಿಸಿ ಸರಿಸಿ ಹುಡುಕಿದ್ದು ಇದು. 1942ರ ಜೂನಿನ್ಯಾಗ ಮಿಡ್‌ವೇ ಕಾಳಗದಾಗ ಬರೇ ಆರ ವೈಲ್ಡ್‌ಕ್ಯಾಟ್ ತಗೊಂಡು ಹೆಚ್ಚಿನ ಸಂಖ್ಯೆಯ ಝೀರೋಗಳ ಎದುರು ಇದನ್ನ ಬಳಸಿದ್ರು. ನಮಗ ಇದು ತಿಳದದ್ದು ಬೆಳಗಾವಿ ದೋಸ್ತನ ಮನ್ಯಾಗ, ಅವರ ಅವ್ವಾರು ಹುರದ ಶೇಂಗಾ ತಂದಿಟ್ಟಿದ್ರು, ಸ್ಟೀಲ್ ತಾಟಿನ್ಯಾಗ ಎರಡ ಶೇಂಗಾ ನಮ್ಮವು, ಎರಡ ಪುಟಾಣಿ ವೈರಿದು. ಎರಡ ಶೇಂಗಾ ಅಗಲಕ್ಕ, ನಡುವ ಒಂದ ಗೇಣ ಬಿಟ್ಟು ಸಮಾನಾಗಿ ಹೊಂಡತಾವ. ಪುಟಾಣಿ ಎಡಗಡೆ ಶೇಂಗಾದ ಬೆನ್ನ ಹತ್ತತು. ಎರಡೂ ಶೇಂಗಾ ಒಮ್ಮೆಲೆ ಒಂದರ ಕಡೆ ಒಂದು ತಿರುಗಿದ್ವು. ಪುಟಾಣಿ ಬೆನ್ನ ಬಿಡದ ಬಂದ್ರ ಬಲಗಡೆ ಶೇಂಗಾದ ಮೂತಿ ಮುಂದ ಸೀದಾ ಬರ್ತೈತಿ, ಬಿಟ್ರ ನಮ್ಮಾಂವ ಉಳದ. ದಾಟಿದ ಮ್ಯಾಲೆ ಮತ್ತ ಅಗಲ ಆಗೂದು, ಮತ್ತ ಒಳಗ ತಿರುಗೂದು, ಜಡಿ ಹೆಣದ್ಹಂಗ.

ಇದಕ್ಕ ಮಾತು ಚೊಕ್ಕ ಇರಬೇಕು. "ನನ್ನ ಹಿಂದ, ಒಳಗ ಬಾ", ಇಷ್ಟ. ಮೂರೂ ಮಂದಿ ಒಮ್ಮೆಲೆ ಒದರಿದ್ರ ಗೋಳಗುಮ್ಮಟದ ಗ್ಯಾಲರಿಯಾಗ ಶಾಲಿ ಹುಡುಗೂರ ಟ್ರಿಪ್ ಬಂದ್ಹಂಗ ಆಗ್ತೈತಿ, ಯಾರ ಮಾತು ಯಾವ ದಿಕ್ಕಿಂದ ಬಂತು ತಿಳಿಯೂದಿಲ್ಲ. ವಿಜಯಪುರದ ದೋಸ್ತ ಈ ಮಾತು ಹೇಳಿದ ಮ್ಯಾಲೆ ನಮ್ಮಲ್ಲೆ ಕಟ್ಟಾ ಒಂದ ರೂಲ್ ಐತಿ, ಬೆನ್ನ ಮ್ಯಾಲೆ ವೈರಿ ಇರಾಂವ ಮಾತಾಡಬೇಕು, ಉಳದವರು ಸುಮ್ನಿರಬೇಕು.

ಖರೆ ಯುದ್ಧದಾಗ ಹಿಂಗ ಯಾರರ ಮಾಡ್ಯಾರೇನು?

ಮಾಡ್ಯಾರ, ನಮ್ಮವರ ಮಾಡ್ಯಾರ. 1971ರ ಡಿಸೆಂಬರ್ 14ಕ್ಕ ಶ್ರೀನಗರದ ವಿಮಾನ ನಿಲ್ದಾಣದ ಮ್ಯಾಲೆ ಪಾಕಿಸ್ತಾನದ ಆರ ಸೇಬರ್ ಜೆಟ್ ವಿಮಾನ ಬಂದ್ವು. ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋನ್ ರನ್‌ವೇ ಮ್ಯಾಲೆ ಬಾಂಬ್ ಬೀಳಾಕತ್ತಾಗನ ತಮ್ಮ ಸಣ್ಣ ನ್ಯಾಟ್ ವಿಮಾನ ಏರಿಸಿ ಅವರ ಜೋಡಿ ಬಡದಾಡಿದ್ರು, ಹುತಾತ್ಮರಾದ್ರು. ನಮ್ಮ ವಾಯುಪಡೆಗೆ ಇವತ್ತಿಗೂ ಬಂದಿರೂ ಒಂದ ಪರಮವೀರ ಚಕ್ರ ಅವರದು.

ಇನ್ನೊಬ್ರು ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ಕ್ಕ ಸರ್ಗೋಧಾ ಮ್ಯಾಲಿನ ದಾಳಿಗೆ ಅವರು ಹೋದದ್ದು ಸ್ಟ್ಯಾಂಡ್‌ಬೈ ಆಗಿ. ಅವರದು ಮಿಸ್ಟೇರ್ ವಿಮಾನ, ಎದುರಿಗೆ ಬಂದದ್ದು ಶಬ್ದಕ್ಕಿಂತ ಎರಡ ಪಟ್ಟು ವೇಗದ ಸ್ಟಾರ್‌ಫೈಟರ್. ಏಟು ತಿಂದ ಮ್ಯಾಲೂ ತಿರುಗಿ ನಿಂತು ಅದನ್ನ ಕೆಡವಿದ್ರು, ತಾವು ಮರಳಿ ಬರಲಿಲ್ಲ. ಆ ಸಂಗತಿ ಹೊರಗ ಬರಾಕ ವರ್ಷಗಟ್ಟಲೆ ಹಿಡೀತು, ಮಹಾವೀರ ಚಕ್ರ ಬಂದದ್ದು 1988ರಾಗ, 23 ವರ್ಷ ಆದ ಮ್ಯಾಲೆ. ನಾವ ಆಡೂದು ಗೇಮ್, ಸತ್ರ ಮತ್ತ ಹ್ಯಾಂಗರಿಗೆ ಬರ್ತೀವಿ. ಬೆಳಗಾವಿ ಸಾಂಬ್ರಾದಾಗ ವಾಯುಪಡೆಯ ತರಬೇತಿ ಶಾಲಿ ಐತಿ, ಆ ರೋಡಿಗೆ ಹಾದು ಹೋಗೂವಾಗ ದೋಸ್ತ ಪ್ರತಿ ಸಲ ಗಾಡಿ ಸಾವಕಾಶ ಮಾಡ್ತಾನ, ಯಾಕಂತ ನಾ ಕೇಳಿಲ್ಲ, ಕೇಳೂದ ಬೇಕಾಗಿಲ್ಲ.

ನನ್ನ ನೆಟ್ ಸ್ಲೋ ಐತಿ, ಪಿಂಗ್ 200 ಬರ್ತೈತಿ. ಆಡಬಹುದೇನು?

ಆಡಬಹುದು. ಪಿಂಗ್ 200 ಅಂದ್ರ ನಿಮ್ಮ ಕಂಪ್ಯೂಟರಿಂದ ಗೇಮಿನ ಸರ್ವರಿಗೆ ಹೋಗಿ ಬರಾಕ 0.2 ಸೆಕೆಂಡ್ ತಡಾ. 540 ಸ್ಪೀಡಿನ್ಯಾಗ 0.2 ಸೆಕೆಂಡ್ ಅಂದ್ರ 30 ಮೀಟರ್, ಸ್ಪಿಟ್‌ಫೈರಿನ ಉದ್ದ ಒಂಬತ್ತ ಮೀಟರ್ ಚಿಲ್ಲರ, ಅಂದ್ರ ಮೂರ ವಿಮಾನದಷ್ಟ ಜಾಗಾ. ದೂರದಿಂದ ಅಡ್ಡ ಹೊಂಟಾಂವನ್ನ ಹೊಡಿಯೂದು ಬಿಡ್ರಿ, ಸೀದಾ ಹಿಂದಿಂದ 200 ಮೀಟರಿಗೆ ಹೋಗಿ ಹೊಡೀರಿ. ತಪ್ಪಿಸ್ಕೊಳ್ಳೂವಾಗ 800 ಅಂದದ್ದನ್ನ ನೀವ ಸಾವಿರ ಮಾಡ್ಕೋರಿ.

ಮೌಸ್ ಚೊಲೊನೋ ಜಾಯ್‌ಸ್ಟಿಕ್ಕೋ?

ರಿಯಲಿಸ್ಟಿಕ್‌ನ್ಯಾಗ ಮೌಸ್. ಸಿಮ್ಯುಲೇಟರ್ ಮೋಡಿಗೆ ಜಾಯ್‌ಸ್ಟಿಕ್.

ಟೀಮಿನವರೆಲ್ಲಾ ಸತ್ತು ನಾ ಒಬ್ಬಾಂವ ಉಳದೀನಿ, ಎದುರು ಐದ ಮಂದಿ. ಬಿಟ್ಟ ಬಿಡ್ಲೇನು?

ಬಿಡಬ್ಯಾಡ್ರಿ. ಮೊದಲ ನಿಮ್ಮ ಏರ್‌ಫೀಲ್ಡ್ ಕಡೆ ಹೋಗ್ರಿ, ಅಲ್ಲೆ ವಿಮಾನ ಹೊಡಿಯೂ ತೋಪುಗಳು ನಿಮ್ಮ ಕಡೆ ಅದಾವ. ಇಳದು ಗುಂಡು ತುಂಬ್ಕೋರಿ, ರಿಪೇರಿ ಆಗ್ಲಿ. ಗೆದ್ದೀವಿ ಅಂತ ತಿಳ್ಕೊಂಡ ಐದ ಮಂದಿ ಕೂಡಿ ಬರೂದಿಲ್ಲ, ಕೊನೆ ಕಿಲ್ ತನಗ ಸಿಗ್ಲಿ ಅಂತ ಒಬ್ಬರಿಗಿಂತ ಒಬ್ರು ಮುಂದ ಓಡಿ ಬರ್ತಾರ, ನಿಮಗ ಬೇಕಾದ ಸಾಲು ಅವರ ಮಾಡಿ ಕೊಡ್ತಾರ. ಇಬ್ಬರನ್ನ ಹೊಡದ್ರ ಉಳದ ಮೂವರು ಹುಷಾರ ಆಗಿ ಮ್ಯಾಲೆ ಏರ್ತಾರ, ಆವಾಗ ನೀವೂ ಬ್ಯಾರೆ ದಿಕ್ಕಿಗೆ ಹೋಗಿ ಏರ್ರಿ, ಗಡಿಬಿಡಿ ಬ್ಯಾಡ.

ಸತ್ರೂ ಆ ಮ್ಯಾಚಿನ ರಿಪ್ಲೇ ತಗದು ನೋಡ್ರಿ, ಆದ್ರ ನಿಮ್ಮ ವಿಮಾನದಿಂದ ನೋಡಬ್ಯಾಡ್ರಿ, ನಿಮ್ಮನ್ನ ಹೊಡದಾಂವನ ವಿಮಾನದ ಮ್ಯಾಲೆ ಕ್ಯಾಮೆರಾ ಇಟ್ಟು ಹಿಂದಿನ ಒಂದ ನಿಮಿಷ ನೋಡ್ರಿ. ಅಂವ ಎಷ್ಟೊತ್ತಿಂದ ನಿಮ್ಮ ಮ್ಯಾಲೆ ಇದ್ದ, ಯಾವ ಹೊತ್ತಿನ್ಯಾಗ ಮೂತಿ ಕೆಳಗ ಹಾಕಿದ, ಆವಾಗ ನೀವ ಎತ್ತಾಗ ನೋಡಾಕತ್ತಿದ್ರಿ. ನಾವ ಮೂರೂ ಮಂದಿ ಐತವಾರ ರಾತ್ರಿ ಇದನ್ನ ಮಾಡ್ತೀವಿ, ಒಂದ ಮ್ಯಾಚಿಗೆ ಅರ್ಧಾ ತಾಸ ಹಿಡೀತೈತಿ.